ಮೀಸೆಯ ಮೇಲೊಂದು ಶಾರ್ಟು

ಮನುಷ್ಯನ ಮೀಸೆ ಸ್ಥಿರಾಸ್ತಿಯೋ ಚರಾಸ್ತಿಯೋ ಎಂಬ ಪ್ರಶ್ನೆಯನ್ನು ನಮ್ಮ ಕಾನೂನು ಪಂಡಿತರು ಇನ್ನೂ ಕೈಗೆತ್ತಿಕೊಂಡಂತಿಲ್ಲ. ನಾನು ಸೇವಾವಧಿಯನ್ನೆಲ್ಲ ನೋಂದಣಿ ಕಚೇರಿಯಲ್ಲಿ ಸವೆಸಿ ನಿವೃತ್ತನಾದವನು. ಮನೆ, ನಿವೇಶನ, ಗದ್ದೆ, ತೆಂಗಿನ ತೋಟ, ಹಿತ್ತಲ ಹುಣಸೆಮರ, ಕೊನೆಗೆ ಅಣ್ಣತಮ್ಮಂದಿರ ಪಾಲಿನ ಬಾವಿಯಲ್ಲಿ ಅರ್ಧ ಬಾವಿ, ಇಷ್ಟೆಲ್ಲವೂ ಕೈ ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಮೀಸೆಯನ್ನು ಅಡವಿಡಲು ಬಂದವರನ್ನು ಮಾತ್ರ ಕಂಡಿರಲಿಲ್ಲ. ಮುಖದಲ್ಲಿ ಬೇರು ಬಿಟ್ಟು ನಿಂತಿರುವುದರಿಂದ ಅದು ಸ್ಥಿರಾಸ್ತಿಯೇ ಎಂದು ನನ್ನ ವಾದ. ಊಟಕ್ಕೆ ಕೂತಾಗ ಅದು ಮೇಲೆ ಕೆಳಗೆ ಓಡಾಡುತ್ತದೆ, ಸಾರಿನಲ್ಲಿ ಅದ್ದುತ್ತದೆ, ಆದ್ದರಿಂದ ಚರಾಸ್ತಿ ಎಂದು ನನ್ನ ಹೆಂಡತಿ ಜಯಮ್ಮನ ವಾದ. ಈ ವ್ಯಾಜ್ಯ ನಮ್ಮ ಮದುವೆಯಷ್ಟೇ ಹಳೆಯದು. ಅದು ಹೀಗೆ ಬಿಟ್‌ಕಾಯಿನ್ ಮಾರುಕಟ್ಟೆಗೆ ಹೋಗಿ ನಿಲ್ಲುತ್ತದೆಂದು ಮಾತ್ರ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಮೀಸೆಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವಂತೆ ಕಾಣದಿರುವುದರಿಂದ ಹೇಳುತ್ತಿದ್ದೇನೆ. ಅದು ನಾನು ಪಿಯುಸಿ ಫೇಲಾದ ವರ್ಷ ಮೂಡಿದ್ದು, ಪಾಸಾದ ವರ್ಷ ದಟ್ಟವಾದದ್ದು, ನೌಕರಿ ಸಿಕ್ಕ ವರ್ಷ ತುದಿ ತಿರುವಿಕೊಂಡದ್ದು. ತಲೆಯ ಮೇಲಿನ ಕೂದಲು ಒಂದೊಂದಾಗಿ ಸ್ವಯಂನಿವೃತ್ತಿ ಪಡೆದು ಹೊರಟುಹೋದರೂ ಮೀಸೆ ಮಾತ್ರ ಇಂದಿಗೂ ಸೇವೆಯಲ್ಲಿ ಮುಂದುವರಿದಿದೆ. ನಮ್ಮ ಚಿನಕುರಳಿಯಲ್ಲಿ ನನ್ನ ಮನೆಗೆ ದಾರಿ ಕೇಳಿದರೆ, “ಮೀಸೆ ಸಾರ್ ಮನೇನಾ? ನೆಟ್ಟಗೋಗಿ” ಎನ್ನುತ್ತಾರೆ. ಮಗಳ ಮದುವೆಯ ಮಾತಿಗೆ ನಾಗಮಂಗಲದಿಂದ ಬಂದಿದ್ದ ಬೀಗರು, ಅಂದರೆ ಈಗಿನ ಅಳಿಯನ ತಂದೆ, ಸಂಬಂಧ ಕುದುರಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದರು: “ಉಡುಗಿಯ ಆಮೇಲ್ ನೋಡುದ್ವಿ ಕಣ್ ಬೀಗ್ರೆ. ಮೊದ್ಲು ಕಂಡಿದ್ದು ನಿಮ್ ಮೀಸೆ. ಇಂಥ ಮೀಸೆ ಇರೋ ಮನೇಲಿ ಮಾತ್ಗೆ ತಪ್ಪಕ್ಕಿಲ್ಲ ಅನ್ನುಸ್ತು.” ಆಗ ಒಳಗೆ ಜಯಮ್ಮ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದ ಸದ್ದು ಕೇಳಿಸಿತು. ಹೆಮ್ಮೆಗೆ ಇರಬೇಕೆಂದುಕೊಂಡೆ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಮೀಸೆ ಇಟ್ಟ ಗಂಡಸು ಇದ್ದಕ್ಕಿದ್ದಂತೆ ಅದನ್ನು ಬೋಳಿಸಿಕೊಂಡು ಬೀದಿಗೆ ಬಂದರೆ ಅದಕ್ಕಿರುವುದು ಒಂದೇ ಅರ್ಥ. ಮನೆಯಲ್ಲಿ ಯಾರೋ ಹಿರಿಯರು ತೀರಿಕೊಂಡಿದ್ದಾರೆ. ಎದುರಿಗೆ ಸಿಕ್ಕವರು ತಾವಾಗಿಯೇ ಮುಖ ಸಣ್ಣದು ಮಾಡಿಕೊಂಡು, “ಯಾವಾಗ ಓದ್ರು?” ಎಂದು ಕೇಳುತ್ತಾರೆ. ಅಂಥವನು ಶುಭಕಾರ್ಯಕ್ಕೆ ಕಾಲಿಡುವಂತಿಲ್ಲ. ಬೀಗರೂಟಕ್ಕಂತೂ ಸುತರಾಂ ಇಲ್ಲ. ಬೀಗರೂಟವೆಂದರೆ ಮದುವೆಯ ದಿನ ಪಾಯಸ, ಕೋಸಂಬರಿಗಳನ್ನು ಸಹಿಸಿಕೊಂಡ ಎರಡೂ ಕಡೆಯ ನೆಂಟರಿಗೆ ಆಮೇಲೆ ಟಗರು ಕಡಿದು ಮಾಡುವ ಪರಿಹಾರ. ನನ್ನ ಮಗಳ ಮದುವೆ ಮುಗಿದಿತ್ತು, ನಾಗಮಂಗಲದ ಬೀಗರೂಟ ಇನ್ನೂ ಬಾಕಿಯಿತ್ತು. ಆ ಎಲೆಯ ಮುಂದೆ ಹೆಣ್ಣಿನ ತಂದೆ ಬೋಳು ಮೂತಿಯಲ್ಲಿ ಬಂದು ಕೂತರೆ ಏನಾಗುತ್ತದೆಂದು ನೀವೇ ಊಹಿಸಿ. ನಮ್ಮವರು ಪಂಥಕ್ಕೆ ಮೀಸೆಯನ್ನೇ ಒಡ್ಡುವುದರ ಹಿಂದಿನ ತೂಕ ಇದು.

ಈಗ ನನ್ನ ಭಾವಮೈದನ ವಿಚಾರ. ಹೆಸರು ಚಂದ್ರು, ಜಯಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಮೂಲ ಕೆ.ಆರ್. ಪೇಟೆ ಕಡೆಯ ಹಳ್ಳಿ. ಪಾಂಡವಪುರದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟುಕೊಂಡು, ತಾಯಿಯೊಂದಿಗೆ ನಮ್ಮ ಬೀದಿಯಲ್ಲೇ ಮನೆ ಮಾಡಿದ್ದಾನೆ. ಅವನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ನಮ್ಮ ಜಗಲಿಯಲ್ಲಿ ಸಿಗುತ್ತದೆ. ಆದ್ದರಿಂದ ದಿನವೂ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಇಲ್ಲಿ ಕೂತು ಬಿಟ್‌ಕಾಯಿನ್ ನೋಡುತ್ತಾನೆ. ಬಿಟ್‌ಕಾಯಿನ್ ಎಂಬುದು ನಾನು ತಿಳಿದ ಮಟ್ಟಿಗೆ, ಮುಟ್ಟಲಾಗದ, ಗಂಟು ಕಟ್ಟಲಾಗದ, ಹಾಲಿನವನಿಗೆ ಕೊಡಲಾಗದ ಒಂದು ನಾಣ್ಯ. ಹಾಗಿದ್ದೂ ಅದು ಏರಿದ ದಿನ ನಮ್ಮ ಮನೆಯ ಉಪ್ಪಿಟ್ಟು ಮಿಗುತ್ತಿತ್ತು, ಇಳಿದ ದಿನ ಬಾಣಲೆಯ ತಳ ಕಾಣುತ್ತಿತ್ತು. ತಿರುಗುಮುರುಗಾಗಿ ಬರೆದೆನೆಂದು ತಿಳಿಯಬೇಡಿ. ಇಳಿದರೇ ಅವನಿಗೆ ಹಸಿವು. ಇದರ ಮರ್ಮವನ್ನು ನಾನು ಒಂದು ದಿನ ಕೇಳಿಯೇಬಿಟ್ಟೆ.

“ಎಲ್ರೂ ಏರ್ಲಿ ಅಂತ ಕಾಯ್ತಾರೆ ಬಾವ. ನಾನು ಬೀಳ್ಲಿ ಅಂತ ಕಾಯ್ತೀನಿ. ಇದ್ಕೆ ಶಾರ್ಟು ಅಂತಾರೆ.”

“ಅಂಗಂದ್ರೆ?”

“ನಮ್ಮತ್ರ ಇಲ್ದೇ ಇರೋದ್ನ ಮಾರೋದು.”

ನಾನು ಕಾಫಿ ಲೋಟ ಕೆಳಗಿಟ್ಟೆ. ತಮ್ಮದಲ್ಲದ್ದನ್ನು ಮಾರಲು ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರೂ ಹೀಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ನಗುನಗುತ್ತಾ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಹಿಂದೆಯೇ ನಿಜವಾದ ಮಾಲೀಕ ಬರುತ್ತಿದ್ದ. ಅವನು ನಗುತ್ತಿರಲಿಲ್ಲ.

“ಲೇ, ಅದ್ಕೆ ಜೈಲಿಗಾಕ್ತಾರೆ ಕಣ್ಲಾ!”

“ಅಯ್ಯೋ, ಅಂಗಲ್ಲ ಬಾವ. ಈಗ ಡೈರಿ ಪುಟ್ಟಸ್ವಾಮಿತಾವ ಒಂದು ಟಗರದೆ ಅನ್ಕಳಿ. ಅದ್ನ ನಾನು ಸಾಲಕ್ಕಿಸ್ಕಂಡು ಇವತ್ತೇ ಸಂತೇಲಿ ಮಾರ್ಬುಡ್ತೀನಿ. ಮುಂದಿನ್ ವಾರ ಟಗರಿನ ರೇಟು ಬಿದ್ದೋಯ್ತದೆ. ಆಗ ಅಂಥದ್ದೇ ಇನ್ನೊಂದ ಕಮ್ಮಿಗೆ ತಕ್ಕಂಡು ಪುಟ್ಟಸ್ವಾಮಿ ಕೊಟ್ಟಿಗೇಲಿ ಕಟ್ಬುಡ್ತೀನಿ. ಮಧ್ಯದಲ್ಲಿ ಉಳುದಿದ್ದು ನಂದು.”

“ರೇಟು ಏರ್ಬುಟ್ರೆ?”

“ಏರಕ್ಕಿಲ್ಲ.”

“ಏರುದ್ರೆ ಕಣ್ಲಾ?”

“ಏರುದ್ರೆ, ನಾನು ಮಡಗಿರೋ ಮುಂಗಡ ನುಂಗಾಕಂಡು ಆ್ಯಪ್ನೋರೇ ನನ್ ಎಸ್ರಲ್ಲಿ ಟಗರು ತಕ್ಕಂಡು ವ್ಯವಾರ ಮುಗುಸ್ಬುಡ್ತಾರೆ. ಲಿಕ್ವಿಡೇಷನ್ ಅಂತಾರೆ. ನನ್ನ ಒಂದ್ ಮಾತೂ ಕೇಳಕ್ಕಿಲ್ಲ. ಮೆಸೇಜು ಬತ್ತದೆ, ಅಷ್ಟೆಯ.”

ನೋಟೀಸು ಕೊಡದೆ ಒಕ್ಕಲೆಬ್ಬಿಸುವ ಈ ಕ್ರಮ ನನ್ನ ಕಚೇರಿಯ ಸಂಸ್ಕಾರಕ್ಕೆ ಒಪ್ಪಿಗೆಯಾಗಲಿಲ್ಲ. ಚಂದ್ರು ಮುಂಗಡವಾಗಿ ಇಟ್ಟದ್ದು ನಿಜಕ್ಕೂ ಒಂದು ಟಗರಿನ ಬೆಲೆಯಷ್ಟೇ. ಅದರ ಬಲದ ಮೇಲೆ ಒಂದು ಮಂದೆಯನ್ನೇ ಸಾಲ ತಂದು ಮಾರಿ ಕೂತಿದ್ದ. ಪುಟ್ಟಸ್ವಾಮಿಗೆ ಈ ವಿಷಯ ತಿಳಿದಾಗ ಅವನು ತಕರಾರು ಮಾಡಿದ್ದು ಒಂದೇ: “ನನ್ನತ್ರ ಟಗರೇ ಇಲ್ವಲ್ಲೋ!”

ಈ ವಿದ್ಯೆಗೆ ಜನರ ಮನಸ್ಸನ್ನು ಅಳೆಯುವ ಒಂದು ಮಾಪಕವೂ ಉಂಟು. ಚಂದ್ರು ಮೊಬೈಲಿನಲ್ಲಿ ತೋರಿಸಿದ. ಸ್ಕೂಟರಿನ ಪೆಟ್ರೋಲ್ ಮುಳ್ಳಿನ ಹಾಗೆ ಒಂದು ಮುಳ್ಳು, ಎಡಗಡೆ ಭಯ, ಬಲಗಡೆ ದುರಾಸೆ. ಲೋಕದ ವ್ಯಾಪಾರಿಗಳೆಲ್ಲ ಎಷ್ಟು ಹೆದರಿದ್ದಾರೆ, ಎಷ್ಟು ಬಾಯಿ ಬಿಟ್ಟುಕೊಂಡಿದ್ದಾರೆ ಎಂಬುದನ್ನು ಅದು ಹೇಳುತ್ತದಂತೆ. ಆಗ ಮುಳ್ಳು ಭಯದ ತುದಿಗೆ ಬಗ್ಗಿ ಮಲಗಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿಯೇ ಮನೆಯ ಭಾವನೆಗಳ ಏರಿಳಿತ ತಿಳಿಯುವ ಗಂಡಸು ನಾನು. ನನ್ನ ಮಾಪಕಕ್ಕೆ ಮುಳ್ಳು ಬೇಕಿಲ್ಲ, ಸೌಟು ಸಾಕು. ಹಾಗಿದ್ದೂ ಆ ಸೌಟನ್ನು ನಾನು ಎಷ್ಟು ತಪ್ಪಾಗಿ ಓದುತ್ತಿದ್ದೆ ಎಂಬುದು ಮುಂದೆ ತಿಳಿಯುತ್ತದೆ.

ಪಂಥ ಹುಟ್ಟಿದ್ದು ಮಾದೇಶನ ಕಟಿಂಗ್ ಶಾಪಿನಲ್ಲಿ. ಭಾನುವಾರ ಬೆಳಿಗ್ಗೆ ಊರಿನ ಅಭಿಪ್ರಾಯಗಳೆಲ್ಲ ಅಲ್ಲಿ ಬಂದು ಬೆಂಚಿನ ಮೇಲೆ ಕೂರುತ್ತವೆ. ಚಂದ್ರು ಬಿಟ್‌ಕಾಯಿನ್ ಬೀಳುತ್ತದೆ ಎಂದ. ಪುಟ್ಟಸ್ವಾಮಿ ಬಿದ್ದೇ ಬೀಳುತ್ತದೆ ಎಂದ. ಬೆಂಚಿನ ಮೇಲಿದ್ದವರಲ್ಲಿ ಬಿಟ್‌ಕಾಯಿನ್ ಎಂದರೇನೆಂದು ತಿಳಿಯದವರು ಎಲ್ಲರಿಗಿಂತ ಜೋರಾಗಿ ಬೀಳುತ್ತದೆ ಎಂದರು. ನನಗೆ ಪಾಂಡವಪುರದ ಬಸ್ ನಿಲ್ದಾಣ ನೆನಪಾಯಿತು. ಕೆ.ಆರ್. ಪೇಟೆ ಬಸ್ಸಿಗೆ ಕಾದು ಕಾದು, ಇನ್ನು ಬರುವುದಿಲ್ಲವೆಂದು ಒಬ್ಬೊಬ್ಬರೇ ಆಟೋ ಹತ್ತುತ್ತಾರೆ. ಕಟ್ಟಕಡೆಯವನು ಮನಸ್ಸು ಕೆಡಿಸಿಕೊಂಡು ಆಟೋದೊಳಗೆ ಕಾಲಿಟ್ಟ ಕೂಡಲೇ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತದೆ. ನನ್ನ ಇಡೀ ಅರ್ಥಶಾಸ್ತ್ರ ಇಷ್ಟೇ. ಅದನ್ನು ನಾಲ್ಕು ಮಾತಿನಲ್ಲಿ ಹೇಳಿದೆ.

“ಎಲ್ರೂ ಬೀಳ್ತದೆ ಅಂತಾವ್ರಲ್ಲ, ಅದ್ಕೇ ಬೀಳಕ್ಕಿಲ್ಲ ಕಣ್ಲಾ.”

ಚಂದ್ರು ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕ. “ಬಾವ, ನೀವು ಛಾಪಾ ಕಾಗ್ದದ ಕಾಲದೋರು. ಇದೆಲ್ಲ ನಿಮ್ಗೆ ತಿಳಿಯಕ್ಕಿಲ್ಲ ಸುಮ್ಕಿರಿ.”

ಬೆಂಚು ನಕ್ಕಿತು. ಮಾದೇಶ ಸಾಬೂನಿನ ಬ್ರಷ್ಷು ಹಿಡಿದುಕೊಂಡೇ ನಕ್ಕ. ಆ ನಗುವಿನಲ್ಲಿ ನನ್ನ ಪಿಂಚಣಿಯ ಮೇಲೆ ಯಾರೋ ನಡೆದುಹೋದಂತಾಯಿತು. ನನ್ನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಚಂದ್ರು ಅದನ್ನು ಕಂಡ.

“ಅಷ್ಟು ನಂಬ್ಕೆ ಇದ್ರೆ ಮೀಸೆ ಕಟ್ಟಿ.”

ಕತ್ತರಿಯ ಸದ್ದು ನಿಂತಿತು. ನಾನು ವಿವೇಕಿಯಾಗಿದ್ದರೆ ಅಲ್ಲಿಂದ ಎದ್ದು ಬರುತ್ತಿದ್ದೆ. ಆದರೆ ವಿವೇಕಕ್ಕೆ ಒಂದು ಕೆಟ್ಟ ಅಭ್ಯಾಸವಿದೆ, ಅದು ಯಾವಾಗಲೂ ಊಟಕ್ಕೆ ಮನೆಗೆ ಬಂದಮೇಲೆ ಬರುತ್ತದೆ. “ಕಟ್ದೆ” ಎಂದೆ. ಕಟ್ಟುವುದೇನೋ ಕಟ್ಟಿದೆ, ಷರತ್ತುಗಳಲ್ಲಿ ಮಾತ್ರ ನಾನು ಯಾರಿಗೂ ಬಿಟ್ಟುಕೊಡುವವನಲ್ಲ. ಚಕ್ಕುಬಂದಿಯಿಲ್ಲದ ಆಸ್ತಿಯನ್ನು ನಾನು ಈ ಜನ್ಮದಲ್ಲಿ ಒಪ್ಪಿದವನಲ್ಲ. ಎದ್ದು ನಿಂತು ಗಂಭೀರವಾಗಿ ಘೋಷಿಸಿದೆ: “ಉತ್ತರಕ್ಕೆ ಮೂಗು, ದಕ್ಷಿಣಕ್ಕೆ ಮೇಲ್ದುಟಿ, ಪೂರ್ವ ಪಶ್ಚಿಮಗಳಿಗೆ ಆಯಾ ಕಡೆಯ ಕೆನ್ನೆ. ಈ ಮಧ್ಯೆ ಇರತಕ್ಕ ಸಮಸ್ತ ಕೂದಲು.” ಮಾದೇಶ ಸಾಕ್ಷಿ. ನಾಗಮಂಗಲದ ಬೀಗರೂಟಕ್ಕೆ ಎಲೆ ಹಾಕುವುದರೊಳಗೆ ಬೆಲೆ ಕೆಳಗಿನ ಒಂದು ಗೆರೆ ಮುಟ್ಟಿದರೆ ನನ್ನ ಮೀಸೆ ಹೋಗುವುದು, ಮೇಲಿನ ಒಂದು ಗೆರೆ ಮುಟ್ಟಿದರೆ ಚಂದ್ರುವಿನ ಮೀಸೆ ಹೋಗುವುದು. ಸೋತವನು ಬೋಳು ಮೂತಿಯಲ್ಲೇ ಬೀಗರೂಟಕ್ಕೆ ಬರತಕ್ಕದ್ದು. ಮೇಲಿನ ಗೆರೆ ಎಲ್ಲಿರಬೇಕೆಂದು ಕೇಳಿದ್ದಕ್ಕೆ ಚಂದ್ರು ತನ್ನ ಲಿಕ್ವಿಡೇಷನ್ ಗೆರೆಯನ್ನೇ ತೋರಿಸಿದ. “ಅಲ್ಲಿಗಂಟ ಬಂದ್ರೆ ನನ್ ಕತೆನೇ ಮುಗ್ದೋಯ್ತದೆ. ಮೀಸೆ ಮಡಿಕಂಡು ಏನ್ ಮಾಡ್ಲಿ?”

ಅಂದಿನಿಂದ ನನ್ನ ನೆಮ್ಮದಿ ಹಾರಿಹೋಯಿತು. ಬಿಟ್‌ಕಾಯಿನ್ ನನ್ನ ಮಾತಿಗೆ ಕಾದಿತ್ತೋ ಎಂಬಂತೆ ಮರುದಿನದಿಂದಲೇ ಬೀಳತೊಡಗಿತು. ಚಂದ್ರು ನಮ್ಮ ಜಗಲಿಯಲ್ಲಿ ಕೂತು ಎರಡೆರಡು ತಟ್ಟೆ ಉಪ್ಪಿಟ್ಟು ತಿಂದ. ಮಾದೇಶನ ಅಂಗಡಿಯ ಮುಂದೆ ಹಾದುಹೋದರೆ, ಅವನು ಒಳಗಿನಿಂದಲೇ ನನ್ನ ಮೂಗಿನ ಕೆಳಗೆ ಒಂದು ದೃಷ್ಟಿ ಹಾಯಿಸುತ್ತಿದ್ದ. ಕೊಯ್ಲಿಗೆ ಬಂದ ಹೊಲವನ್ನು ಕೂಲಿಯವರು ನೋಡುವ ನೋಟ ಅದು. ಪುಟ್ಟಸ್ವಾಮಿ ಡೈರಿಯ ಮುಂದೆ, “ಸಾರ್, ಆಮೇಕೆ ಬಿಸ್ಲಿಗೋಗ್ಬೇಡಿ, ಮೀಸೆ ಜಾಗ ಮಾತ್ರ ಬೆಳ್ಳುಗೆ ಕಾಣ್ತದೆ” ಎಂದು ಸಲಹೆ ಕೊಟ್ಟ. ನಾಗಮಂಗಲದಿಂದ ಬೀಗರು ಫೋನು ಮಾಡಿ, “ನಮ್ಮ ನೆಂಟ್ರಿಗೆಲ್ಲ ಏಳಿವ್ನಿ ಬೀಗ್ರೆ, ಮೀಸೆ ಅಂದ್ರೆ ಏನೂ ಅಂತ ಬಂದ್ ನೋಡ್ರಪ್ಪ ಅಂತ” ಎಂದಾಗ ನನಗೆ ಬಿಕ್ಕಳಿಕೆ ಬಂತು.

ಈ ಸಂಕಟದಲ್ಲಿ ನನಗಿದ್ದ ಒಂದೇ ಆಸರೆಯೆಂದರೆ ಜಯಮ್ಮ. ಅಷ್ಟು ವರ್ಷ ನನ್ನ ಯಾವ ವ್ಯವಹಾರಕ್ಕೂ ತಲೆ ಹಾಕದವಳು ಈಗ ಎದ್ದ ಕೂಡಲೇ, “ಬಿತ್ತಾ?” ಎಂದು ಕೇಳುತ್ತಿದ್ದಳು. ಸಂಜೆ ದೀಪ ಹಚ್ಚಿ, “ಇನ್ನೂ ಎಷ್ಟ್ ಬೀಳ್ಬೇಕು?” ಎಂದು ಕೇಳುತ್ತಿದ್ದಳು. ಇನ್ನು ಸ್ವಲ್ಪವೇ ಎಂದರೆ ನಿಟ್ಟುಸಿರು ಬಿಡುತ್ತಿದ್ದಳು. ಗಂಡನ ಮಾನಕ್ಕಾಗಿ ಹೀಗೆ ಮರುಗುವ ಹೆಂಗಸು ಸಿಗಲು ಪುಣ್ಯ ಮಾಡಿರಬೇಕೆಂದು ನಾನು ಒಳಗೊಳಗೇ ಕರಗಿದೆ. ಆ ದಿನಗಳಲ್ಲಿ ಪಾತ್ರೆಗಳ ಸದ್ದೂ ಬಲು ಮೃದುವಾಗಿತ್ತು.

ಬೆಲೆ ಕೆಳಗಿನ ಗೆರೆಯ ನೆತ್ತಿಯ ಮೇಲೆ ಬಂದು ತೂಗಾಡುತ್ತಿದ್ದ ದಿನ ನಾನು ಕರಿಘಟ್ಟಕ್ಕೆ ಹೊರಟೆ. ಮನುಷ್ಯ ಪ್ರಯತ್ನ ಮುಗಿದಿತ್ತು. ಹೇಳಬೇಕೆಂದರೆ ಅದು ಆರಂಭವೇ ಆಗಿರಲಿಲ್ಲ. ಜಯಮ್ಮನೂ ಬರುತ್ತೇನೆಂದಳು. ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು ಆಟೋ ಹಿಡಿದು ಬೆಟ್ಟ ಸೇರಿದೆವು. ಶ್ರೀನಿವಾಸನ ಮುಂದೆ ಕೈಮುಗಿದು ನಾನು ನೇರವಾಗಿ ವಿಷಯಕ್ಕೆ ಬಂದೆ. ಮೀಸೆ ಉಳಿಸಿಕೊಟ್ಟರೆ ಮುಡಿ ಕೊಡುತ್ತೇನೆಂದು ಹರಸಿಕೊಂಡೆ. ತಲೆಯಲ್ಲಿ ಇರುವುದು ಎಷ್ಟೆಂದು ಆತನಿಗೂ ಕಾಣುತ್ತಿತ್ತು. ಆದರೂ ದೊಡ್ಡವರು ಸಣ್ಣ ಲೆಕ್ಕ ನೋಡುವುದಿಲ್ಲವೆಂದು ಧೈರ್ಯ. ನಾನು ಕಣ್ಣು ಬಿಟ್ಟಾಗ ಜಯಮ್ಮ ಇನ್ನೂ ಕಣ್ಣು ಮುಚ್ಚಿಕೊಂಡು ತುಟಿ ಆಡಿಸುತ್ತಿದ್ದಳು. ಮಂಗಳಾರತಿ ತಟ್ಟೆ ಬಂದು ಹೋದರೂ ಅವಳ ಪ್ರಾರ್ಥನೆ ಮುಗಿಯಲಿಲ್ಲ.

“ಏನ್ ಕೇಳ್ಕಂಡೆ?” ಎಂದೆ, ಮೆಟ್ಟಿಲಿಳಿಯುವಾಗ.

“ಏಳುದ್ರೆ ಫಲ ಸಿಕ್ಕಕ್ಕಿಲ್ಲ” ಎಂದು ನಾಚಿಕೊಂಡಳು. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವುದು ಕಾಣುತ್ತಿತ್ತು. ಎರಡು ಮನಸ್ಸುಗಳು ಒಂದಾಗುವುದೆಂದರೆ ಹೀಗೆಯೇ ಎಂದುಕೊಂಡೆ.

ದೇವರು ನನ್ನ ಅರ್ಜಿಯನ್ನು ಅಂಗೀಕರಿಸಿದ. ಬಿಟ್‌ಕಾಯಿನ್ ಕೆಳಗಿನ ಗೆರೆಯನ್ನು ಮುಟ್ಟದೆ, ಬಾವಿಕಟ್ಟೆಯವರೆಗೂ ಬಂದು ಏನೋ ನೆನಪಾಗಿ ಹಿಂದಿರುಗಿದವರಂತೆ, ಮೇಲಕ್ಕೆ ತಿರುಗಿತು. ಚಂದ್ರು, “ಇದು ಸುಳ್ಳು ಏರಿಕೆ ಬಾವ” ಎಂದ. ಮರುದಿನವೂ ಏರಿತು. “ಇದು ಬರೀ ಆಸೆ ತೋರ್ಸದು” ಎಂದ. ಅದರ ಮರುದಿನ ಉಪ್ಪಿಟ್ಟು ಮಿಕ್ಕಿತು. ಪಾತ್ರೆಗಳ ಸದ್ದು ಮತ್ತೆ ಜೋರಾಯಿತು. ಉಪ್ಪಿಟ್ಟು ಹಾಳಾಯಿತಲ್ಲ ಎಂಬ ಸಿಟ್ಟಿಗೆ ಎಂದು ನಾನು ಟಿಪ್ಪಣಿ ಮಾಡಿಕೊಂಡೆ.

ಬೀಗರೂಟದ ಭಾನುವಾರ ಬಂತು. ನಾಗಮಂಗಲಕ್ಕೆ ಹೊರಡುವ ಗಂಡಸರೆಲ್ಲ ಬೆಳಿಗ್ಗೆಯೇ ಗಡ್ಡ ಹೆರೆಸಿಕೊಳ್ಳಲು ಮಾದೇಶನ ಅಂಗಡಿಯಲ್ಲಿ ಸೇರಿದ್ದೆವು. ಬೆಲೆ ಎರಡೂ ಗೆರೆಗಳ ನಡುವೆ ಸುಮಾರು ಮೇಲ್ಗಡೆಯೇ ಇತ್ತು. ಇನ್ನು ಯಾವುದೂ ಮುಟ್ಟುವುದಿಲ್ಲ, ಇಬ್ಬರೂ ಮೀಸೆಸಮೇತ ಊಟಕ್ಕೆ ಕೂರುತ್ತೇವೆ ಎಂದು ನಾನು ರಾಜಿಗೆ ಸಿದ್ಧನಾಗಿದ್ದೆ. ಚಂದ್ರು ಕುರ್ಚಿಯಲ್ಲಿ ಕೂತು ಕೆನ್ನೆಗೆ ನೊರೆ ಹಚ್ಚಿಸಿಕೊಂಡು, ಮೊಬೈಲನ್ನು ಪುಟ್ಟಸ್ವಾಮಿಯ ಕೈಗೆ ಕೊಟ್ಟಿದ್ದ.

“ಲೇ ಚಂದ್ರ, ಏನೋ ಅಸ್ರುಗೆ ಉದ್ದುಕ್ಕೆ ಎದ್ದದೆ ಕಣ್ಲಾ” ಎಂದ ಪುಟ್ಟಸ್ವಾಮಿ.

“ಎಷ್ಟುದ್ದ?” ಎಂದ ಚಂದ್ರು, ನೊರೆಯ ಸಂದಿಯಿಂದ.

“ಈಗ ಇನ್ನೂ ಉದ್ದ ಆಯ್ತು.”

ಆ ಹಸಿರು ಪಟ್ಟಿ ಎಂದರೆ ಬೆಲೆಯ ಏರಿಕೆ. ಆಗ ನಡೆದದ್ದು ಏನೆಂದು ಚಂದ್ರುವೇ ಆಮೇಲೆ ವಿವರಿಸಿದ. ಲೋಕದಲ್ಲಿ ಅವನಂತೆಯೇ ಟಗರು ಸಾಲ ತಂದು ಮಾರಿ, ಬೀಳಲಿ ಎಂದು ಕಾಯುತ್ತಿದ್ದವರು ಲೆಕ್ಕವಿಲ್ಲದಷ್ಟು. ಬೆಲೆ ಒಂದಿಷ್ಟು ಏರಿದ ಕೂಡಲೇ ಅವರಲ್ಲಿ ಮೊದಲನೆಯವರ ಲಿಕ್ವಿಡೇಷನ್ ಆಯಿತು. ಎಂದರೆ ಅವರ ಹೆಸರಿನಲ್ಲಿ ಆ್ಯಪಿನವರು ಸಂತೆಗೆ ನುಗ್ಗಿ ಸಿಕ್ಕ ಬೆಲೆಗೆ ಟಗರು ಕೊಂಡರು. ಕೊಂಡದ್ದರಿಂದ ಬೆಲೆ ಇನ್ನಷ್ಟು ಏರಿತು. ಏರಿದ್ದರಿಂದ ಎರಡನೆಯವರ ಕತೆ ಮುಗಿಯಿತು. ಅವರ ಹೆಸರಿನಲ್ಲೂ ಕೊಂಡರು. ಹೀಗೆ, ಬೀಳಲಿ ಎಂದವರನ್ನೇ ಮೆಟ್ಟಿಲು ಮಾಡಿಕೊಂಡು ಬೆಲೆ ಮೇಲೆ ಹತ್ತುತ್ತಿತ್ತು. ಬಸ್ಸು ಬರುವುದಿಲ್ಲವೆಂದು ಆಟೋ ಹತ್ತಿದವರೆಲ್ಲ ಒಟ್ಟಿಗೇ ಧುಮುಕಿ ಬಸ್ಸಿನ ಬಾಗಿಲಿಗೆ ಬಿದ್ದಂತೆ.

ಇದಕ್ಕಿಂತ ಸ್ವಾರಸ್ಯವಾದ ಮಾರುಕಟ್ಟೆ ಅಂಗಡಿಯೊಳಗೇ ನಡೆಯುತ್ತಿತ್ತು. ಅಷ್ಟು ದಿನ ಬೀಳುತ್ತದೆ ಎನ್ನುತ್ತಿದ್ದ ಬೆಂಚು ನಿಧಾನವಾಗಿ ನನ್ನ ಕಡೆಗೆ ಜರುಗತೊಡಗಿತು. ಒಬ್ಬ ಎದ್ದು ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟ. ಇನ್ನೊಬ್ಬ ಕಾಫಿ ತರಿಸಲೇ ಎಂದ. ಮೂರನೆಯವನು, “ಸಾರ್ ಅವತ್ತೇ ಏಳುದ್ರು, ನಾವೇ ಕಿವೀಗಾಕಳ್ಳಿಲ್ಲ” ಎಂದು ಲೋಕಕ್ಕೆಲ್ಲ ಕೇಳುವಂತೆ ಹೇಳಿದ. ಪುಟ್ಟಸ್ವಾಮಿಯಂತೂ ಮೊಬೈಲು ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತು, “ನಾನ್ ಮೊದ್ಲಿಂದ್ಲೂವೆ ಸಾರ್ ಕಡೀಕೇಯ” ಎಂದ. ಕಳೆದ ವಾರ ಯಾರೂ ಮೂಸದಿದ್ದ ನನ್ನ ಮರ್ಯಾದೆಯನ್ನು ಆ ಬೆಳಿಗ್ಗೆ ಎಲ್ಲರೂ ಏರಿದ ಬೆಲೆಗೆ ನೂಕಾಡಿಕೊಂಡು ಕೊಂಡರು. ನಾನೂ ಬಿಗಿಯಾಗಿ ಕೂತು, ಸ್ವಲ್ಪ ಸ್ವಲ್ಪವೇ ಮಾರಿದೆ.

ಟಿಣ್ ಎಂದು ಮೊಬೈಲು ಸದ್ದು ಮಾಡಿತು. ಪುಟ್ಟಸ್ವಾಮಿ ಕಣ್ಣು ಕಿರಿದು ಮಾಡಿಕೊಂಡು ಓದಿದ. “ಚಂದ್ರ, ಇದೇನೋ ಬಂದದೆ ಕಣ್ಲಾ. ನಿಮ್ಮ ಪೊಸಿಷನ್ನು ಲಿಕ್ವಿಡೇಟು ಆಗೋಯ್ತು ಅಂತ.”

ಚಂದ್ರು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದ. ಕೆನ್ನೆಯ ಮೇಲೆಲ್ಲ ನೊರೆ, ಮಧ್ಯೆ ದ್ವೀಪದಂತೆ ಮೀಸೆ. ಮಾದೇಶ ಬ್ರಷ್ಷಿನಿಂದ ಒಂದೇ ಒಂದು ಅಡ್ಡ ಗೆರೆ ಎಳೆದ. ದ್ವೀಪ ಮುಳುಗಿತು.

“ಎಂಗೂ ಕೂತಿದ್ದೀಯಲ್ಲಣ್ಣ, ಇಂಗೇ ಮುಗುಸ್ಬುಡ್ಲಾ?”

“ಬಾವ...” ಎಂದ ಚಂದ್ರು. ಆ ಒಂದು ಪದದಲ್ಲಿ ದಯಾಭಿಕ್ಷೆಯ ಅರ್ಜಿ, ಮೇಲ್ಮನವಿ, ತಡೆಯಾಜ್ಞೆಯ ಕೋರಿಕೆ ಎಲ್ಲವೂ ಇದ್ದವು.

ನಾನು ಕಾಫಿಯನ್ನು ಗುಟುಕರಿಸಿದೆ. “ಛಾಪಾ ಕಾಗ್ದದ ಕಾಲದೋನು ಕಣಪ್ಪ ನಾನು. ಇದೆಲ್ಲ ನಂಗೆ ತಿಳಿಯಕ್ಕಿಲ್ಲ” ಎಂದೆ. ಮಾದೇಶ ಚಕ್ಕುಬಂದಿಗೆ ಅನುಸಾರವಾಗಿ ಕೆಲಸ ಮುಗಿಸಿದ.

ನಾಗಮಂಗಲಕ್ಕೆ ನಾನು ಹೋದದ್ದನ್ನು ಪ್ರಯಾಣ ಎನ್ನಲಾರೆ, ದಿಗ್ವಿಜಯ ಎನ್ನಬೇಕು. ಬೀಗರು ಚಪ್ಪರದ ಬಾಗಿಲಿಗೇ ಬಂದು ನನ್ನನ್ನು ಕೈಹಿಡಿದು ಕರೆದೊಯ್ದು ನೆಂಟರ ಮುಂದೆ ನಿಲ್ಲಿಸಿ, “ನೋಡ್ರಪ್ಪ, ನಾನ್ ಏಳಿದ್ದು ಇವ್ರೇಯ” ಎಂದರು. ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಎರಡೂ ತುದಿಗಳನ್ನು ದರ್ಶನಕ್ಕೆ ಬಿಟ್ಟೆ. ಬೀಗರ ಕಡೆಯ ಅಜ್ಜನೊಬ್ಬ ನನ್ನ ಹಿಂದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದ ಚಂದ್ರುವನ್ನು ತಡೆದ.

“ಯಾರು ಮಗಾ ಓಗ್ಬುಟ್ರು?”

“ಒಂದು ಶಾರ್ಟ್ ಇತ್ತು ಕಣಜ್ಜ. ಇವತ್ ಬೆಳಗ್ಗೆ ಓಯ್ತು.”

“ಪಾಪ. ವಯಸ್ಸಾಗಿತ್ತಾ?”

“ಇಲ್ಲ ಅಜ್ಜ, ಎಳೇದು.”

ಅಜ್ಜ ಅವನ ಬೆನ್ನು ಸವರಿ ಸಮಾಧಾನ ಹೇಳಿದ. ಅಷ್ಟರಲ್ಲಿ ಯಾರೋ, ಚಂದ್ರುವಿನ ತಾಯಿ ಒಳಗೆ ಎರಡನೇ ಸಲ ಮೂಳೆ ಬಡಿಸಿಕೊಳ್ಳುತ್ತಿರುವುದನ್ನು ತೋರಿಸಿದ್ದರಿಂದ ಗಾಬರಿ ಕಡಿಮೆಯಾಯಿತು. ನಾನು ಮುದ್ದೆ ಮುರಿಯುವ ಮುಂಚೆ ಒಮ್ಮೆ ಮೀಸೆ ತೀಡಿದೆ. ಅಂಥ ಸಾರು ನಾನು ಅದುವರೆಗೆ ಉಂಡಿರಲಿಲ್ಲ. ಗೆದ್ದವನ ನಾಲಿಗೆಗೆ ಉಪ್ಪು ಖಾರ ಯಾವಾಗಲೂ ಸರಿಯಾಗಿರುತ್ತದೆ.

ನನ್ನ ಕತೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಊಟವಾದ ಮೇಲೆ ಎಲೆಅಡಿಕೆಗೆ ಕೂತಾಗ ಹೆಂಗಸರ ಕಡೆಯಿಂದ ಮಾತು ತೇಲಿ ಬಂತು. “ಚಂದ್ರಣ್ಣ ಎಷ್ಟ್ ಲಕ್ಷಣವಾಗ್ ಕಾಣ್ತಾವ್ನೆ! ಅತ್ತೊರ್ಸ ಕಮ್ಮಿ ಆದಂಗದೆ.” ಬೀಗಿತ್ತಿಯವರು ತಮ್ಮ ಗಂಡನನ್ನು ಕರೆದು, “ನೀವೂ ಒಂದ್ಸಲ ಅಂಗ್ ಮಾಡುಸ್ಕಂಡ್ ನೋಡಿ” ಎಂದರು. ಬೀಗರು ತಮ್ಮ ಮೀಸೆಯನ್ನು ಮುಟ್ಟಿಕೊಂಡು ಯೋಚನೆಗೆ ಬಿದ್ದರು. ಕೊನೆಗೆ ಒಬ್ಬ ಮುದುಕಿ ಚಂದ್ರುವಿನ ಗಲ್ಲ ಹಿಡಿದು ನನ್ನ ಕಡೆ ತೋರಿಸಿ ಕೇಳಿದಳು: “ಅವ್ರು ನಿಮ್ಮಪ್ಪಾರಾ ಮಗಾ?”

ಚಂದ್ರು ಆ ಪ್ರಶ್ನೆಯನ್ನು ಬೆಲ್ಲದಚ್ಚಿನಂತೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿ, “ಇಲ್ಲಜ್ಜಿ, ಬಾವ” ಎಂದ. ಬೆಳಗಿನ ನನ್ನ ಲಾಭದಲ್ಲಿ ಅರ್ಧ ಅಲ್ಲೇ ಕರಗಿತು.

ಸಂಜೆ ವಾಪಸು ಬರುವ ಬಸ್ಸಿನಲ್ಲಿ ಜಯಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ನಾನು ಜಯಭೇರಿಯ ಉಳಿದರ್ಧವನ್ನು ಬಾರಿಸುತ್ತಾ, “ಕರಿಘಟ್ಟದಲ್ಲಿ ನೀನು ಅಷ್ಟೊತ್ತು ಕೈಮುಗ್ದಿದ್ದು ಸಾರ್ಥಕ ಆಯ್ತು ಬುಡು” ಎಂದೆ.

“ಎಲ್ಲಿ ಆಯ್ತು?” ಎಂದಳು, ತಿರುಗದೆ. “ನಾನ್ ಕೇಳ್ಕಂಡಿದ್ದು ಬಿದ್ದೋಗ್ಲಿ ಅಂತ.”

ನನಗೆ ಮೊದಲು ಬಸ್ಸಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲವೇನೋ ಎನಿಸಿತು. ಆದರೆ ಬಸ್ಸು ಆಗ ನಿಂತಿತ್ತು.

“ಬಿದ್ದೋಗ್ಲಿ ಸ್ವಾಮಿ, ಒಂದೇ ಒಂದ್ಸಲ ಇವ್ರ ಮಖ ನೋಡ್ತೀನಿ ಅಂತ ಕೇಳ್ಕಂಡೆ. ಮದ್ವೆ ಆದಾಗಿಂದ ನಿಮ್ ಮೇಲ್ದುಟಿ ಎಂಗದೆ ಅಂತ ನೋಡಿದ್ದೀನಾ ನಾನು? ಮಗ್ಳು ಮದ್ವೆನೂ ಆಯ್ತು. ಇನ್ಯಾವಾಗ ನೋಡದು?”

ಬಿತ್ತಾ ಎಂದು ಬೆಳಿಗ್ಗೆ ಕೇಳಿದ್ದರ ಅರ್ಥ, ಸಂಜೆ ಬಿಟ್ಟ ನಿಟ್ಟುಸಿರಿನ ಅರ್ಥ, ಬೆಲೆ ಬೀಳುವಾಗ ಮೃದುವಾದ ಪಾತ್ರೆಗಳ ಅರ್ಥ, ಮಗಳ ಮದುವೆಯ ಮಾತಿನ ದಿನ ಕುಕ್ಕಿದ ಕಾಫಿ ಲೋಟದ ಅರ್ಥ ಎಲ್ಲವೂ ಒಟ್ಟಿಗೇ ನನ್ನ ತಲೆಯ ಮೇಲೆ ಬಂದು ಬಿದ್ದವು. ಲೋಕದ ಶಾರ್ಟುಗಳೆಲ್ಲ ಒಂದು ಬೆಳಗಿನಲ್ಲಿ ಕೊಚ್ಚಿಹೋದವೆಂದು ನಾನು ಮೀಸೆ ತಿರುವುತ್ತಿದ್ದೆ. ಅತ್ಯಂತ ಹಳೆಯ ಶಾರ್ಟು ನನ್ನ ಅಡುಗೆಮನೆಯಲ್ಲಿತ್ತು. ಮದುವೆಯ ದಿನ ತೆರೆದದ್ದು, ಯಾವ ಏರಿಕೆಗೂ ಹೆದರದೆ ಇಂದಿಗೂ ಹಾಗೆಯೇ ನಿಂತಿದೆ. ಇದಕ್ಕೆ ಲಿಕ್ವಿಡೇಷನ್ ಇಲ್ಲ, ಮೆಸೇಜೂ ಬರುವುದಿಲ್ಲ.

“ಮುಡಿ ಕೊಡ್ತೀನಿ ಅಂದಿದ್ದೀರಲ್ಲ” ಎಂದಳು ಜಯಮ್ಮ, ಪಾಂಡವಪುರ ಹತ್ತಿರ ಬಂದಾಗ. ನನ್ನ ಹರಕೆ ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ. “ಆಗ ಕತ್ತಿ ಎಂಗೂ ಅಲ್ಲೇ ಓಡಾಡ್ತಿರ್ತದೆ. ಒಂಚೂರು ಕೆಳುಕ್ಕಿಳುದ್ರೆ ಏನೋಯ್ತದೆ?”

ಮುಂದಿನ ಭಾನುವಾರ ಮಾದೇಶನ ಅಂಗಡಿಯಲ್ಲಿ ನನಗೆ ರಾಜಮರ್ಯಾದೆ. ಕುರ್ಚಿಯನ್ನು ಎರಡು ಸಲ ಒರೆಸಿ ಕೂರಿಸಿದ. ಬೆಂಚಿನ ಮೇಲಿದ್ದವರು ನನ್ನ ಬಸ್ಸಿನ ಸಿದ್ಧಾಂತವನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಪುಟ್ಟಸ್ವಾಮಿ, ಈ ಮೀಸೆಗೆ ಇನ್ನು ಬೀಳುವ ಮಾತೇ ಇಲ್ಲ ಎಂದ. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಎಲ್ಲರೂ ಒಟ್ಟಿಗೆ ತಲೆಯಾಡಿಸಿದ್ದು ಕಂಡು ನನಗೆ ಪಾಂಡವಪುರದ ಬಸ್ ನಿಲ್ದಾಣ ನೆನಪಾಯಿತು. ಮಾದೇಶ ಕತ್ತರಿ ತರಲು ಆಚೆ ತಿರುಗಿದ್ದಾಗ, ತೋರುಬೆರಳನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ಮೀಸೆ ಮರೆಯಾಗುವಂತೆ ಮಾಡಿ, ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿಕೊಂಡೆ.

“ಏನ್ಸಾರ್ ನೋಡ್ತಾ ಇದ್ದೀರಿ?” ಎಂದ ಮಾದೇಶ.

“ಏನಿಲ್ಲ ಕಣಯ್ಯ” ಎಂದು ಬೆರಳು ತೆಗೆದೆ. “ಮಾರ್ಕೆಟ್ಟು ಎಂಗದೆ ಅಂತ.”